ಕಡಲು ಅಂಗಳಕ್ಕೆ ಬಂದಾಗ: ನೆರೆಕರೆಯವರಿಗೊಂದು ಕೈಪಿಡಿ

ತಲಪಾಡಿಯ ಗಡಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಮೊದಮೊದಲು ಸಿಗುವ ಊರುಗಳಲ್ಲಿ ಕುಂಜತ್ತೂರು ಒಂದು. ಹೆದ್ದಾರಿ, ರೈಲು ಹಳಿ, ತೆಂಗಿನ ತೋಟ, ಆಮೇಲೆ ಕಡಲು. ಎಲ್ಲವೂ ಒಂದರ ಪಕ್ಕ ಒಂದು ಒತ್ತಿಕೊಂಡೇ ಇವೆ. ಹತ್ತಿರದ ಕಣ್ವತೀರ್ಥದಿಂದ ತೆಂಕಿಗೆ ಹೊಸಬೆಟ್ಟು, ಬಂಗ್ರಮಂಜೇಶ್ವರ, ಮೂಸೋಡಿ, ಶಿರಿಯ. ಬಡಗಿಗೆ ಉಚ್ಚಿಲ, ಸೋಮೇಶ್ವರ, ಉಳ್ಳಾಲ. ರಾಜ್ಯ ಎರಡಾದರೂ ಮಳೆಗಾಲದ ಸುದ್ದಿ ಒಂದೇ: ಕಡಲ್ಕೊರೆತ.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಿ ಲೆಕ್ಕ ಕೊಟ್ಟಿದೆ. ದೇಶದ ಕರಾವಳಿಯಲ್ಲಿ ಶೇ. 33.6ರಷ್ಟು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಶೇ. 23.7. ಕೇರಳದಲ್ಲಿ ಶೇ. 46.4. ಗಡಿಯ ಈಚೆ ಬದಿಯವರಿಗೆ ಚಿಂತೆ ಹೆಚ್ಚಿರುವುದು ಸುಮ್ಮನೆ ಅಲ್ಲ.

ಇದೆಲ್ಲ ಹವಾಮಾನ ಬದಲಾವಣೆಯದ್ದೇ ಕೆಲಸ ಎಂದು ಹೇಳಿದರೆ ಅರ್ಧ ಸತ್ಯವಾಗುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ನೀರಿನ ಮಟ್ಟ ಏರುತ್ತಿದೆ, ಹಿಂದೆ ಅಪರೂಪವಾಗಿದ್ದ ತೀವ್ರ ಚಂಡಮಾರುತಗಳು ಪಶ್ಚಿಮ ಕರಾವಳಿಯತ್ತ ಮುಖ ಮಾಡುತ್ತಿವೆ. 2021ರ ಮೇ ತಿಂಗಳ ತೌಕ್ತೆಯಲ್ಲಿ ಕಾಸರಗೋಡು ಜಿಲ್ಲೆಯ ಕಡಲ ಕರೆಯ ಎರಡಂತಸ್ತಿನ ಮನೆಯೊಂದು ಕುಸಿಯುವ ದೃಶ್ಯವನ್ನು ದೇಶವೆಲ್ಲ ಫೋನಿನಲ್ಲಿ ನೋಡಿತು. ಹವಾಮಾನದ ಜೊತೆಗೆ ಮನುಷ್ಯರು ಹಾಕಿದ ಕಲ್ಲೂ ಇದೆ. ಬಂದರಿಗಾಗಿ, ಅಳಿವೆ ಬಾಯಿಗಾಗಿ ಕಡಲಿಗೆ ಚಾಚಿದ ಕಲ್ಲಿನ ದಂಡೆಗಳು ಕರೆಯುದ್ದಕ್ಕೂ ಓಡಾಡುವ ಹೊಯಿಗೆಯನ್ನು ಒಂದು ಬದಿಯಲ್ಲಿ ತಡೆದು ಇನ್ನೊಂದು ಬದಿಯನ್ನು ಬಡವಾಗಿಸುತ್ತವೆ. ಒಬ್ಬರ ಮನೆ ಮುಂದಿನ ತಡೆಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪಕ್ಕದ ಮನೆಯ ಕಷ್ಟ ಶುರು. ಸಹಾಯಕ್ಕೆ ಹೊರಡುವವರು ಈ ಸಂಗತಿಯನ್ನು ತಿಳಿದಿರಬೇಕು. ‘ನಮ್ಮಲ್ಲಿಗೆ ಕಲ್ಲು ಹಾಕಿಸಿ’ ಎಂಬ ಮನವಿಗೆ ಕಣ್ಣುಮುಚ್ಚಿ ಸಹಿ ಹಾಕುವ ಮೊದಲು ಆಚೆ ಕೊನೆಯಲ್ಲಿ ಯಾರಿದ್ದಾರೆ ಎಂದು ನೋಡಿಬನ್ನಿ.

ಈ ಲೇಖನ ಮನೆ ಕಳೆದುಕೊಳ್ಳುವವರಿಗಿಂತ ಹೆಚ್ಚಾಗಿ ಅವರ ಅಕ್ಕಪಕ್ಕದವರಿಗೆ: ಕ್ಲಬ್ಬಿನ ಹುಡುಗರಿಗೆ, ಭಜನಾ ಮಂದಿರದವರಿಗೆ, ಜಮಾಅತಿನವರಿಗೆ, ಕುಟುಂಬಶ್ರೀ ಅಕ್ಕಂದಿರಿಗೆ, ನಿವೃತ್ತ ಮಾಸ್ಟ್ರುಗಳಿಗೆ. ಗಂಜಿ, ಬಟ್ಟೆ, ಕಂಬಳಿ ಕೊಡುವುದರಲ್ಲಿ ನಮ್ಮ ಊರುಗಳು ಯಾವತ್ತೂ ಹಿಂದೆ ಬಿದ್ದಿಲ್ಲ. ನಾವು ಸೋಲುವುದು ನಾಲ್ಕನೇ ದಿನದ ನಂತರ. ಕಡಲು ಇಳಿದಿರುತ್ತದೆ, ಟಿವಿಯವರು ಹೋಗಿರುತ್ತಾರೆ, ಆ ಮನೆಯಾಕೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಆಫೀಸಿನಿಂದ ಆಫೀಸಿಗೆ ಒಬ್ಬಳೇ ನಡೆಯುತ್ತಿರುತ್ತಾಳೆ.

ತಾರೀಕು ಇಲ್ಲದ ವಿಪತ್ತು

ನೆರೆಗೆ ಒಂದು ತಾರೀಕು ಇದೆ. ಗುಡ್ಡ ಕುಸಿತಕ್ಕೂ ಇದೆ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಎಂದರೆ 2024ರ ಜುಲೈ 30 ಎಂದು ಎಲ್ಲರಿಗೂ ನೆನಪಿದೆ. ಕಡಲ್ಕೊರೆತ ಹಾಗಲ್ಲ. ಒಂದು ವರ್ಷ ಎರಡು ತೆಂಗು ಹೋಗುತ್ತವೆ. ಮರುವರ್ಷ ಬಲೆ ಇಡುವ ಕೊಟ್ಟಿಗೆ. ಆಮೇಲೆ ಬಾವಿಯ ನೀರು ಉಪ್ಪಾಗುತ್ತದೆ, ಹಿಂದಿನ ಕಕ್ಕಸು ಬೀಳುತ್ತದೆ. ಮನೆಯ ಅಜ್ಜಿಯನ್ನೂ ಮಕ್ಕಳನ್ನೂ ಜೂನ್ ಬಂದಾಗ ಉಪ್ಪಳದ ಚಿಕ್ಕಮ್ಮನ ಮನೆಗೋ ಉಚ್ಚಿಲದ ಮಾವನ ಮನೆಗೋ ಕಳಿಸಿ, ಸೋಣ ತಿಂಗಳಲ್ಲಿ ಕರೆದುಕೊಂಡು ಬರುತ್ತಾರೆ. ಹೀಗೆ ನಾಲ್ಕಾರು ವರ್ಷ ನಡೆದ ಮೇಲೆ ಒಂದು ಸಲ ಅವರು ಮರಳಿ ಬರುವುದಿಲ್ಲ. ಊರು ಬಿಟ್ಟ ದಿನ ಯಾವುದು ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಸರಕಾರದ ಪರಿಹಾರ ಪದ್ಧತಿ ನಿಂತಿರುವುದು ಘಟನೆಯ ಮೇಲೆ. ಕೇಂದ್ರದ ಅಧಿಸೂಚಿತ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ನೆರೆ, ಸುನಾಮಿ, ಭೂಕುಸಿತ ಎಲ್ಲ ಇವೆ, ಕಡಲ್ಕೊರೆತ ಇಲ್ಲ. ಕೇರಳ ಅದನ್ನು ತನ್ನದೇ ರಾಜ್ಯ ವಿಪತ್ತು ಎಂದು ಗುರುತಿಸಿದೆ. ಆದರೆ ಹಾಗೆ ರಾಜ್ಯಗಳು ತಾವಾಗಿ ಸೇರಿಸಿಕೊಂಡ ವಿಪತ್ತುಗಳಿಗೆಲ್ಲ ಒಟ್ಟು ಖರ್ಚು ಮಾಡಬಹುದಾದದ್ದು ರಾಜ್ಯ ವಿಪತ್ತು ಪರಿಹಾರ ನಿಧಿಯ ಶೇ. 10ರಷ್ಟು ಮಾತ್ರ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಗೆ 1,500 ಕೋಟಿ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಎಂದು ಮೊದಲ ಬಾರಿಗೆ ಬೇರೆಯಾಗಿ ತೆಗೆದಿಡಲು ಹೇಳಿತು. ಇಡೀ ದೇಶದ ನದಿ ದಂಡೆ, ಕಡಲ ಕರೆ ಎರಡಕ್ಕೂ ಸೇರಿ ಅಷ್ಟು.

ಹಾಗಾಗಿ ನೆರೆಕರೆಯವರು ಮಾಡಬಹುದಾದ ಮೊದಲ ಉಪಕಾರ ಮಳೆಗಾಲಕ್ಕಿಂತ ಮೊದಲೇ ಶುರುವಾಗುವಂಥದ್ದು, ಖರ್ಚೂ ಇಲ್ಲದ್ದು: ತಾರೀಕು ಬರೆದಿಡುವುದು. ಮೇ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಒಂದೇ ಜಾಗದಲ್ಲಿ ನಿಂತು ಕರೆಯ ಪ್ರತಿ ಮನೆಯ ಫೋಟೋ ತೆಗೆಯಿರಿ. ತಾರೀಕು, ಅಕ್ಷಾಂಶ, ರೇಖಾಂಶ ಚಿತ್ರದ ಮೇಲೆಯೇ ಮೂಡುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಚಿತ್ರದಲ್ಲಿ ಕದಲದ ಒಂದು ಗುರುತು ಇರಲಿ: ಕರೆಂಟು ಕಂಬ, ಬಾವಿಕಟ್ಟೆ, ದೈವಸ್ಥಾನದ ಗೋಡೆ, ಮಸೀದಿಯ ಮಿನಾರು. ಮನೆ ಬಾಗಿಲಿನಿಂದ ಹೊಯಿಗೆಯ ಅಂಚಿಗೆ ಎಷ್ಟು ಮೀಟರ್ ಎಂದು ಟೇಪು ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೊಟ್ಟಿಗೆ ಬಿದ್ದಾಗ, ಬಾವಿ ಉಪ್ಪಾದಾಗ, ಒಂದೇ ತೆಂಗು ಮಗುಚಿದಾಗಲೂ ವಿಲೇಜ್ ಆಫೀಸಿಗೆ ಅರ್ಧ ಪುಟದ ಅರ್ಜಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ದಿನ ಅದರಿಂದ ಏನೂ ಸಿಗಲಿಕ್ಕಿಲ್ಲ. ಆರು ವರ್ಷದ ಮೇಲೆ ‘ಈ ಮನೆ ಕಡಲಿನಿಂದಲೇ ಹೋಯಿತು ಎನ್ನಲು ಏನಿದೆ?’ ಎಂದು ಯಾರಾದರೂ ಕೇಳಿದಾಗ ಆ ಆರು ಸೀಲುಗಳು ಮಾತಾಡುತ್ತವೆ.

ಕ್ಲಬ್ಬಿನ ಹುಡುಗರಿಗೆ ಇದು ಒಂದು ಭಾನುವಾರದ ಕೆಲಸ. ಕ್ರಿಕೆಟ್ ಪಂದ್ಯಾಟಕ್ಕೆ ಬ್ಯಾನರು ಕಟ್ಟುವಷ್ಟೂ ಕಷ್ಟವಿಲ್ಲ.

ಮೊದಲ ಮೂರು ದಿನ

ಎಚ್ಚರಿಕೆ ಎಲ್ಲಿಂದ ಬರುತ್ತದೆ ಎಂದು ತಿಳಿದಿರಲಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ; ಮಳೆ ಗಾಳಿಯ ವಿಷಯ ಹವಾಮಾನ ಇಲಾಖೆಯದ್ದು. ಮಳೆಯಿಲ್ಲದ ಏಪ್ರಿಲ್, ಮೇ ತಿಂಗಳಲ್ಲಿ, ಗಾಳಿಯೂ ಇಲ್ಲದಾಗ ಇದ್ದಕ್ಕಿದ್ದಂತೆ ಕಡಲು ಒಳನುಗ್ಗುವುದುಂಟು. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿಯವರೆಗೆ ಬಂದು ಬಡಿಯುವುದು ಅದು. ಕೇರಳದ ಮೀನುಗಾರರು ಅದಕ್ಕೆ ಇಟ್ಟ ‘ಕಳ್ಳಕ್ಕಡಲ್’ ಎಂಬ ಹೆಸರನ್ನೇ ಯುನೆಸ್ಕೊ 2012ರಲ್ಲಿ ಒಪ್ಪಿಕೊಂಡಿತು. ಬಿಸಿಲು ಕಾಯುತ್ತಿದೆಯಲ್ಲ ಎಂದು ಎಚ್ಚರಿಕೆಯನ್ನು ತಳ್ಳಿಹಾಕಬೇಡಿ.

ಮಳೆಗಾಲದ ಕಷ್ಟಕ್ಕೆ ಇನ್ನೊಂದು ಮಗ್ಗುಲಿದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳೂ ಬಂದ್. ಕಡಲು ಮನೆ ಕೊರೆಯುವ ಹೊತ್ತಿಗೇ ಬೋಟಿನಲ್ಲಿ ದುಡಿಯುವವರ ಕೈಯೂ ಬರಿದು. ನಾಡದೋಣಿಗಳಿಗೆ ನಿಷೇಧ ಇಲ್ಲದಿದ್ದರೂ ಕಡಲು ಬಿಡಬೇಕಲ್ಲ. ಹಾಗಾಗಿ ಒಂದು ತಿಂಗಳ ಬಾಡಿಗೆ, ಒಂದು ಗ್ಯಾಸ್ ಸಿಲಿಂಡರ್, ಮಕ್ಕಳ ಬಸ್ ಪಾಸಿನ ದುಡ್ಡು ಇವು ಹಳೆ ಸೀರೆಯ ಗಂಟಿಗಿಂತ ನೂರು ಪಾಲು ಉಪಯೋಗದ್ದು.

ಹಳೆ ಬಟ್ಟೆಯ ವಿಷಯ ಬಂದದ್ದಕ್ಕೆ ಖಡಾಖಂಡಿತ ಹೇಳಿಬಿಡುತ್ತೇನೆ: ತರಬೇಡಿ. 2018ರ ಮಹಾಪ್ರಳಯದಲ್ಲಿ ಕೇರಳದ ಶಿಬಿರಗಳಲ್ಲಿ ಬಟ್ಟೆಯ ರಾಶಿ ವಿಂಗಡಿಸುವುದೇ ಒಂದು ಬೇರೆ ಕೆಲಸವಾಗಿತ್ತು. ಬೇಕಾಗುವುದು ಹೊಸ ಒಳಬಟ್ಟೆ, ನೈಟಿ, ಲುಂಗಿ, ಬೈರಾಸು, ಪ್ಯಾಡು, ಮಕ್ಕಳ ಡೈಪರು, ಸೊಳ್ಳೆಪರದೆ, ಟಾರ್ಚು, ಚಾರ್ಜರು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ. ಮಾತ್ರೆಯ ಹೆಸರು ಹಿರಿಯರಿಗೆ ನೆನಪಿರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೋ ಸಿಗುತ್ತದೆ. ಊಟಕ್ಕೆ ಬಿಸ್ಕೆಟು, ಬ್ರೆಡ್ಡು ಎಷ್ಟು ಹೊತ್ತು? ಕುಚ್ಚಲಕ್ಕಿ ಗಂಜಿ, ಚಟ್ನಿ, ಸಾಧ್ಯವಾದರೆ ಒಣಮೀನು. ಮನೆ ಬಿಟ್ಟುಬಂದ ಹೆಂಗಸರು ಅಡುಗೆಗೆ ಸೇರುತ್ತೇವೆ ಎಂದರೆ ‘ನೀವು ಕೂತುಕೊಳ್ಳಿ’ ಎನ್ನಬೇಡಿ. ಕೈಗೆ ಕೆಲಸ ಇದ್ದರೆ ಆ ದಿನ ಸ್ವಲ್ಪವಾದರೂ ಬೇಗ ಕಳೆಯುತ್ತದೆ.

ಮಕ್ಕಳ ಪುಸ್ತಕದ ಬಗ್ಗೆ ಒಂದು ಮಾತು. ಮಂಗಳೂರು ಕಡೆಯ ದಾನಿಗಳು ಪ್ರೀತಿಯಿಂದ ಕರ್ನಾಟಕದ ಪಠ್ಯಪುಸ್ತಕ ಕಳಿಸುವುದುಂಟು. ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳ ಪಠ್ಯಕ್ರಮದ ಕನ್ನಡ ಪುಸ್ತಕ. ಶಾಲೆಯ ಮಾಸ್ಟ್ರನ್ನು ಕೇಳಿಯೇ ತರಿಸಿ.

ನೀರು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪೌಡರು ಹಾಕದೆ ಬಳಸಬಾರದು. ಮಾಮೂಲಿಗೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕು, ನೆರೆನೀರು ಸೇರಿದ್ದರೆ 5 ಗ್ರಾಂ. ಬಕೆಟಿನಲ್ಲಿ ಕಲಸಿ, ತಿಳಿಯಾದ ಮೇಲಿನ ನೀರನ್ನು ಬಾವಿಗಿಳಿಸಿ, ಒಂದು ಗಂಟೆ ಬಿಟ್ಟು ಸೇದಬೇಕು. ಉಪ್ಪು ಮಾತ್ರ ಇದರಿಂದ ಹೋಗುವುದಿಲ್ಲ. ಅದಕ್ಕೆ ಪಂಚಾಯತಿನಿಂದ ಟ್ಯಾಂಕರ್ ನೀರೇ ಗತಿ. ಕೆಸರಿನಲ್ಲಿ ಇಳಿದು ಶುಚಿ ಮಾಡುವ ಹುಡುಗರು ಇಲಿಜ್ವರ ತಡೆಯುವ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಲಿ. ಸಹಾಯಕ್ಕೆ ಹೋದವರೇ ಆಸ್ಪತ್ರೆ ಸೇರಿದರೆ ಯಾರಿಗೆ ಪ್ರಯೋಜನ?

ಪಟ್ಟಿಯಲ್ಲಿ ಹೆಸರು

ನಮ್ಮ ಕಡೆ ಶಿಬಿರಕ್ಕೆ ಹೋಗುವವರು ಕಡಿಮೆ, ನೆಂಟರ ಮನೆಗೆ ಹೋಗುವವರೇ ಹೆಚ್ಚು. ಶಿಬಿರ ಎಂದರೆ ಮರ್ಯಾದೆಗೆ ಕುಂದು ಎನ್ನುವವರಿದ್ದಾರೆ. ತಪ್ಪೇನಿಲ್ಲ, ಆದರೆ ಪಟ್ಟಿ ಬರೆಯುವವರು ಬರುವುದು ಶಿಬಿರಕ್ಕೆ. ನೆಂಟರ ಮನೆಯಲ್ಲಿದ್ದವರ ಹೆಸರು ಬಿಟ್ಟುಹೋದರೆ ಆಮೇಲೆ ಸೇರಿಸುವುದು ಸುಲಭವಲ್ಲ. ಯಾರು ಎಲ್ಲಿಗೆ ಹೋದರು ಎಂಬುದನ್ನು ವಾರ್ಡ್ ಮೆಂಬರರ ಜೊತೆ ಕೂತು ಅದೇ ವಾರ ಬರೆದು, ಮನೆ ನಂಬ್ರ ಸಹಿತ ವಿಲೇಜ್ ಆಫೀಸರರಿಗೆ ತಲುಪಿಸಿ.

ಮನೆಗೆ ಎಷ್ಟು ಹಾನಿ ಎಂದು ನಿರ್ಧರಿಸುವುದು ಇಂಜಿನಿಯರರ ವರದಿ. ಅದರಲ್ಲಿ ಒಂದು ಅಂಕಿ ಆಚೀಚೆ ಆದರೆ ಏನಾಗುತ್ತದೆ ಎಂಬುದಕ್ಕೆ 2018ರ ನೆರೆಯ ನಂತರ ಕೇರಳ ಇಟ್ಟ ಲೆಕ್ಕವೇ ಸಾಕ್ಷಿ. ಶೇ. 15ರವರೆಗಿನ ಹಾನಿಗೆ 10,000 ರೂಪಾಯಿ. 16ರಿಂದ 29ಕ್ಕೆ 60,000. 30ರಿಂದ 59ಕ್ಕೆ 1.25 ಲಕ್ಷ. 60ರಿಂದ 74ಕ್ಕೆ 2.5 ಲಕ್ಷ. 75ರ ಮೇಲಾದರೆ ಪೂರ್ಣ ನಾಶ, 4 ಲಕ್ಷ. 74ಕ್ಕೂ 75ಕ್ಕೂ ನಡುವೆ ಒಂದೂವರೆ ಲಕ್ಷದ ಅಂತರ! ಆದ್ದರಿಂದ ಇಂಜಿನಿಯರ್ ಬರುವ ದಿನ ಮನೆಯವರೊಟ್ಟಿಗೆ ಗಾರೆ ಕೆಲಸ ಬಲ್ಲ ಒಬ್ಬರು ನಿಲ್ಲಲಿ. ಗೋಡೆಯ ಬಿರುಕು ಎಲ್ಲರಿಗೂ ಕಾಣುತ್ತದೆ. ಪಂಚಾಂಗದಡಿಯ ಹೊಯಿಗೆ ಜಾರಿ ಟೊಳ್ಳಾದದ್ದು ತೋರಿಸಿದರೆ ಮಾತ್ರ ಕಾಣುತ್ತದೆ. ಇಂಜಿನಿಯರ್ ನೋಡುವ ಮೊದಲೇ ಮನೆ ಗುಡಿಸಿ, ಬಿದ್ದ ಹಂಚು ಹೆಕ್ಕಿ ಅಚ್ಚುಕಟ್ಟು ಮಾಡುವ ನಮ್ಮವರ ಅಭ್ಯಾಸವನ್ನು ಒಂದೆರಡು ದಿನ ತಡೆಯಬೇಕು. ಕನಿಷ್ಠ ಫೋಟೋ ಆದರೂ ಇರಲಿ.

ದೋಣಿ, ಬಲೆಗೂ ಪರಿಹಾರ ಇದೆ. ಕೇಂದ್ರದ 2022ರಿಂದ 2026ರ ದರಪಟ್ಟಿಯಲ್ಲಿ ಪೂರ್ಣ ಹಾಳಾದ ದೋಣಿಗೆ 15,000, ಬಲೆಗೆ 4,000 ರೂಪಾಯಿ. ಇಂದಿನ ಒಂದು ಬಲೆಯ ಬೆಲೆ ಗೊತ್ತಿರುವವರು ಇದನ್ನು ಓದಿ ನಗುತ್ತಾರೆ. ಆದರೂ ಅರ್ಜಿ ಹಾಕಿಸಿ. ಮೀನುಗಾರರ ಕ್ಷೇಮನಿಧಿಯ ಸದಸ್ಯತ್ವ ಬಾಕಿ ಬಿದ್ದಿದೆಯೇ ನೋಡಿ. ಸಾಲದ ಬಾಧೆ ಇದ್ದರೆ ಕೇರಳದಲ್ಲಿ ಮೀನುಗಾರರಿಗೆಂದೇ ಸಾಲ ಪರಿಹಾರ ಆಯೋಗ ಇದೆ ಎಂಬುದನ್ನು ಹೇಳಿ. ಇವೆಲ್ಲದರ ದಾರಿ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಾದ ಮತ್ಸ್ಯಭವನದಿಂದ ಶುರುವಾಗುತ್ತದೆ.

ಕನ್ನಡದ ಕಾಗದ, ಮಲಯಾಳದ ಮೇಜು

ಕುಂಜತ್ತೂರಿನಲ್ಲಿ ಮನೆ ಮಾತು ತುಳು, ಬ್ಯಾರಿ, ಕೊಂಕಣಿ, ಮಲಯಾಳ ಏನೇ ಇರಲಿ, ಹಿರಿಯರಲ್ಲಿ ಬಹಳ ಮಂದಿಗೆ ಓದಲು ಬರುವುದು ಕನ್ನಡ ಅಕ್ಷರ ಮಾತ್ರ. ಆಫೀಸಿನ ಫಾರಂ ಮಲಯಾಳದ್ದು. ಎದುರು ಕುಳಿತವರು ತಿರುವನಂತಪುರದಿಂದಲೋ ಕೊಲ್ಲಂನಿಂದಲೋ ವರ್ಗವಾಗಿ ಬಂದವರು. ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುವುದು ಹೀಗೆ.

ಹಕ್ಕು ಏನಿದೆ? ಸಂವಿಧಾನದ 350ನೇ ವಿಧಿ ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಬಿಡುತ್ತದೆ. ಕೇರಳದ 1969ರ ರಾಜಭಾಷಾ ಕಾಯ್ದೆ ಇನ್ನೂ ಮುಂದೆ ಹೋಗಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಹೋಗಬೇಕು ಎಂದು ಬರೆದಿಟ್ಟಿತು. ಹಕ್ಕನ್ನು ಬಿಡಬೇಡಿ. ಆದರೆ ಮನೆ ಬಿದ್ದ ವಾರದಲ್ಲಿ ಭಾಷೆಯ ಹೋರಾಟವನ್ನು ಆ ಕುಟುಂಬದ ಹೆಗಲ ಮೇಲೆ ಹೊರಿಸುವುದೂ ಬೇಡ. ಅರ್ಜಿ ಕನ್ನಡದಲ್ಲಿರಲಿ, ಅದರ ಹಿಂದೆ ಮಲಯಾಳದ ಒಂದು ಪುಟ ಲಗತ್ತಾಗಲಿ. ಎರಡೂ ಲಿಪಿ ಬಲ್ಲ ಕಾಲೇಜು ಹುಡುಗಿಯರು ಇಂದು ಪ್ರತಿ ಕೇರಿಯಲ್ಲಿದ್ದಾರೆ. ಅವರಿಗೆ ಕಾಲು ಗಂಟೆಯ ಕೆಲಸ.

ಇಲ್ಲಿ ಹಿರಿಯರಿಗೂ ಒಂದು ಪಾಲಿದೆ. 1956ರ ನವೆಂಬರ್ 1ರವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಯದ್ದು. ಅಜ್ಜನ ಕಾಲದ ಪಟ್ಟೆ, ಪಾಲುಪಟ್ಟಿ, ಮೂಲಗೇಣಿ ಚೀಟುಗಳೆಲ್ಲ ಮೋಡಿ ಹಿಡಿದ ಹಳೆ ಕನ್ನಡ ಬರಹದಲ್ಲಿವೆ. ಇಂದಿನ ಆಫೀಸಿನಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ? ನಿವೃತ್ತ ಮಾಸ್ಟ್ರುಗಳೋ ಹಳೆ ಶ್ಯಾನುಭಾಗರ ಮನೆಯವರೋ ಅದನ್ನು ಬಿಡಿಸಿ ಓದಿ, ಸರ್ವೆ ನಂಬ್ರ, ಚಕ್ಕುಬಂದಿ, ತಾರೀಕು ಬೇರೆ ಕಾಗದದಲ್ಲಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ದಾನ ಇಲ್ಲ.

ಹೆಸರಿನ ತೊಂದರೆ ಎಲ್ಲಕ್ಕಿಂತ ಹೆಚ್ಚು. ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಬಂದ ಇನ್ನೊಂದು, ಕ್ರಯಪತ್ರದಲ್ಲಿ ಕನ್ನಡದಿಂದ ಬಂದ ಮತ್ತೊಂದು. ಜೊತೆಗೆ ಅಪ್ಪನ ಹೆಸರೋ ಮನೆ ಹೆಸರೋ ಹಿಂದೆ ಮುಂದೆ. ಮೂರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟು ಸಿಗುತ್ತದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಬಹುದು. ವಿಪತ್ತು ಬರುವ ಮೊದಲೇ ಮಾಡಿಸಿಟ್ಟರೆ ಉತ್ತಮ. ಆಧಾರ್, ರೇಷನ್ ಕಾರ್ಡು, ಭೂತೆರಿಗೆ ರಶೀದಿ, ಕೈವಶ ಸರ್ಟಿಫಿಕೇಟು, ಕರೆಂಟು ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮೀನುಗಾರರ ಗುರುತುಚೀಟಿ ಇಷ್ಟನ್ನು ಒಂದು ಜಿಪ್ ಚೀಲದಲ್ಲಿ ಹಾಕಿ ಕಡಲಿನಿಂದ ದೂರವಿರುವ ನೆಂಟರ ಮನೆಯಲ್ಲಿ ನಕಲು ಇಡಿಸಿ. ಪಟ್ಟೆ ಇಲ್ಲದೆ ಪುರಂಬೋಕಿನಲ್ಲಿ ಕೂತವರಿಗೆ ಕರೆಂಟು ಬಿಲ್ಲು, ಮತದಾರ ಪಟ್ಟಿ, ಮಕ್ಕಳ ಶಾಲಾ ದಾಖಲೆ ಇವೇ ವಾಸದ ಸಾಕ್ಷಿ. ಹಳೆಯ ಬಿಲ್ಲೆಂದು ಒಲೆಗೆ ಹಾಕದಿರಲಿ.

ಕೇರಳದಲ್ಲಿ 2022ರಿಂದ ಡಿಜಿಟಲ್ ಮರುಸರ್ವೆ ನಡೆಯುತ್ತಿದೆ. ನಮ್ಮ ತಾಲೂಕಿನ ಉಜಾರುಳುವಾರು ಗ್ರಾಮದಲ್ಲೇ 2024ರ ಅಕ್ಟೋಬರಿನಲ್ಲಿ ‘ಎಂಡೆ ಭೂಮಿ’ ಎಂಬ ಭೂದಾಖಲೆಯ ಪೋರ್ಟಲ್ ಮೊದಲು ಶುರುವಾದದ್ದು. ಸರ್ವೆಯವರು ಕರೆಗೆ ಬಂದಾಗ ಜಾಗದ ಯಜಮಾನರು ನೆಂಟರ ಮನೆಯಲ್ಲಿದ್ದರೆ ಗಡಿ ತೋರಿಸಲು ಯಾರೂ ಇರುವುದಿಲ್ಲ. ಒಂದು ಫೋನು ಮಾಡಿ ಕರೆಸಿ.

ವ್ಯವಹಾರ ಕೋರ್ಟಿಗೆ ಹೋಗುವಂತಾದರೆ, ವಿಪತ್ತಿಗೆ ಸಿಕ್ಕವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಹೇಗೂ ಇದೆ. ಫೋನ್ ನಂಬ್ರ 15100.

ಮುಂದಿನ ಮನೆ ಎಲ್ಲಿ?

ಇಲ್ಲಿ ಅವಸರ ಮಾಡುವವರು ಬಹಳ. ‘ಅಲ್ಲಿ ಯಾಕೆ ಇನ್ನೂ ಕೂತಿದ್ದೀರಿ, ಸರಕಾರ ಹತ್ತು ಲಕ್ಷ ಕೊಡ್ತದಲ್ಲ’ ಎಂದು ಹೆದ್ದಾರಿ ಬದಿಯ ತಾರಸಿ ಮನೆಯಲ್ಲಿ ಕೂತವರು ಹೇಳುವುದು ಸುಲಭ.

ಹತ್ತು ಲಕ್ಷದ ಆ ಯೋಜನೆಯ ಹೆಸರು ಪುನರ್ಗೇಹಂ. ಭರತದ ಗೆರೆಯಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬಗಳನ್ನು ಒಳನಾಡಿಗೆ ಸರಿಸುವುದು ಉದ್ದೇಶ. ಸಮೀಕ್ಷೆಯಲ್ಲಿ ಸಿಕ್ಕಿದ ಕುಟುಂಬಗಳು 18,685. ಯೋಜನೆಯ ಮೊತ್ತ 2,450 ಕೋಟಿ. ಒಂದು ಕುಟುಂಬಕ್ಕೆ ಜಾಗಕ್ಕೆಂದು 6 ಲಕ್ಷ, ಮನೆಗೆಂದು 4 ಲಕ್ಷ. ಸ್ವಂತ ಜಾಗ ಕೊಂಡು ಕಟ್ಟಬಹುದು, ಕಟ್ಟಿದ ಮನೆ ಕೊಳ್ಳಬಹುದು, ಇಲ್ಲವೇ ಇಲಾಖೆ ಕಟ್ಟುವ ಫ್ಲಾಟಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಕುಂಬಳೆಯ ಕೋಯಿಪಾಡಿ ಫ್ಲಾಟುಗಳಿಗೆ ಗೊತ್ತುಪಡಿಸಿದ ಜಾಗ.

ಯೋಜನೆ ಒಳ್ಳೆಯದೇ. ಆದರೆ ಕುಟುಂಬ ‘ಒಪ್ಪಿಗೆ’ ಎಂದು ಸಹಿ ಹಾಕುವ ಮೊದಲು ಅವರೊಟ್ಟಿಗೆ ಕೂತು ಕೆಲವು ಪ್ರಶ್ನೆ ಕೇಳಿ. ಆರು ಲಕ್ಷಕ್ಕೆ ಮಂಜೇಶ್ವರದ ಸುತ್ತ ಯಾವ ಜಾಗ ಸಿಗುತ್ತದೆ? ಮಂಗಳೂರಿನ ನೆರಳು ಬಿದ್ದ ಮೇಲೆ ತಲಪಾಡಿಯ ಆಸುಪಾಸಿನ ಸೆಂಟ್ಸಿನ ಬೆಲೆ ಹೇಗೆ ಏರಿದೆ ಎಂಬುದು ಗೊತ್ತಿದ್ದದ್ದೇ. ಸಿಕ್ಕಿದ ಅಗ್ಗದ ಜಾಗ ಗುಡ್ಡ ಕಡಿದು ಮಾಡಿದ್ದೋ, ಗದ್ದೆಗೆ ಮಣ್ಣು ತುಂಬಿಸಿದ್ದೋ? ಗದ್ದೆಯಾದರೆ ಕೇರಳದಲ್ಲಿ ಮನೆ ಕಟ್ಟಲು ಅನುಮತಿಯ ತಕರಾರು ಬರುತ್ತದೆ. ಗುಡ್ಡದ ಬುಡವಾದರೆ ಕಡಲಿಗೆ ಹೆದರಿ ಓಡಿದವರು ಮಣ್ಣಿನಡಿಗೆ ಹೋದಂತೆ. ಬೇಸಗೆಯಲ್ಲಿ ನೀರಿದೆಯೇ? ಆಟೋ ಹೋಗುವ ದಾರಿ ಇದೆಯೇ? ಬೆಳಗ್ಗೆ ಮೂರಕ್ಕೆ ಕರೆಗೆ ತಲುಪುವುದು ಹೇಗೆ? ‘ಅಕ್ಕಾ, ಬುಟ್ಟಿ ಹಿಡಿದು ಬಸ್ಸಿಗೆ ಹತ್ತಿದರೆ ಕಂಡಕ್ಟರು ಬಿಡ್ತಾರಾ?’ ಎಂಬುದನ್ನೂ ಕೇಳಬೇಕು. ಮೀನು ಮಾರುವ ಹೆಂಗಸಿನ ಸಂಪಾದನೆ ಹೋದರೆ ಹೊಸ ಮನೆ ಬಂದದ್ದು ಲೆಕ್ಕಕ್ಕೆ ಸಿಗುವುದಿಲ್ಲ.

ಬಿಟ್ಟು ಬರುವ ಜಾಗದ ಹಕ್ಕೇನು ಎಂಬುದು ಮುಖ್ಯ ಪ್ರಶ್ನೆ. ಖಾಲಿಯಾದ ಕಡಲ ಕರೆಯ ಪಟ್ಟಿಯಲ್ಲಿ ಹಸಿರು ಬೆಳೆಸುವುದು ಯೋಜನೆಯ ಆಶಯ. ದೋಣಿ ಎಳೆಯಲು, ಬಲೆ ಹರಡಲು, ಕಟ್ಟೆಯ ಮೇಲೆ ದೀಪ ಇಡಲು ಅಲ್ಲಿಗೆ ಬರಬಹುದೇ ಎಂದು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಆ ದಿನ ಜಾರಿಯಲ್ಲಿರುವ ಆದೇಶದ ಪ್ರತಿಯನ್ನೇ ಮತ್ಸ್ಯಭವನದಿಂದ ಕೇಳಿ ಪಡೆಯಿರಿ, ಓದಿ ಹೇಳಿ.

ಫ್ಲಾಟಿನ ವಿಷಯ. ತಿರುವನಂತಪುರದ ವಲಿಯತುರ ಕರೆಯಲ್ಲಿ ಮನೆ ಹೋದವರು ಹಳೆ ಗೋದಾಮಿನಲ್ಲಿ ಸೀರೆಯ ಪರದೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಮುಟ್ಟತ್ತರದಲ್ಲಿ 2018ರಲ್ಲಿ 192 ಫ್ಲಾಟುಗಳು ಸಿದ್ಧವಾದಾಗ ಅವರಲ್ಲಿ ಕೆಲವರಿಗಾದರೂ ಗಟ್ಟಿ ಸೂರು ಬಂತು. ಗೋದಾಮಿಗಿಂತ ಫ್ಲಾಟು ಸಾವಿರ ಪಾಲು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಮೇಲಿನ ಮಹಡಿಗೆ ಔಟ್‌ಬೋರ್ಡ್ ಎಂಜಿನು ಹೊರುವುದು ಯಾರು? ಮಗಳಿಗೆ ಮದುವೆಯಾದ ಮೇಲೆ ಒಂದು ಕೋಣೆ ಎಳೆಯುವುದು ಎಲ್ಲಿಗೆ? ಕೆಳಗೆ ಬಲೆ, ಎಂಜಿನು ಇಡಲು ಬೀಗ ಹಾಕುವ ಕೋಣೆ ಬೇಕು ಎಂಬ ಬೇಡಿಕೆಯನ್ನು ಕಟ್ಟಡದ ನಕ್ಷೆಯ ಹಂತದಲ್ಲೇ ಗ್ರಾಮಸಭೆಯಲ್ಲಿ ಎತ್ತಬೇಕು. ಕಾಂಕ್ರೀಟು ಬಿದ್ದ ಮೇಲೆ ಎತ್ತಿದರೆ ಕೇಳುವವರಿಲ್ಲ.

ಸೂರು ಸಿಕ್ಕರೆ ಸಾಲದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಒಡಿಶಾದ ಸತಭಾಯ ಎಂಬ ಕಡಲಿಗೆ ಸೇರಿದ ಊರಿನ 571 ಕುಟುಂಬಗಳಿಗೆ ಸರಕಾರ ಬಾಗಪಾಟಿಯದಲ್ಲಿ ಕಾಲನಿ ಕಟ್ಟಿಕೊಟ್ಟಿತು. ಕಡಲ್ಕೊರೆತದವರಿಗೆಂದೇ ಯೋಜಿಸಿ ಮಾಡಿದ ಸ್ಥಳಾಂತರಗಳಲ್ಲಿ ಅದು ದೇಶಕ್ಕೆ ಮೊದಲಿನದ್ದು. ನಿವೇಶನ ಸಿಕ್ಕಿತು, ಗದ್ದೆ ಸಿಗಲಿಲ್ಲ. ಅಲ್ಲಿಯ ಗಂಡಸರು ಕೂಲಿ ಹುಡುಕಿ ಹೊರಟದ್ದು ಎಲ್ಲಿಗೆ ಅಂದರೆ, ಕೇರಳಕ್ಕೂ.

ಗಡಿಯ ಊರಿನವರಿಗೆ ಒಂದು ಎಚ್ಚರಿಕೆ ಹೆಚ್ಚಿಗೆ ಬೇಕು. ಬಾಡಿಗೆ ಮನೆ ಹುಡುಕುವಾಗ ನಮಗೆ ಉಳ್ಳಾಲ, ತೊಕ್ಕೊಟ್ಟು, ಕೋಟೆಕಾರು ಹತ್ತಿರ. ನೆಂಟರೂ ಅಲ್ಲೇ. ಅಲ್ಲಿಗೆ ಹೋಗಿ ಅನುಕೂಲಕ್ಕೆಂದು ರೇಷನ್ ಕಾರ್ಡು, ಮತದಾರ ಚೀಟಿ ಎರಡನ್ನೂ ಕರ್ನಾಟಕಕ್ಕೆ ಬದಲಿಸಿದರೆ ಕೇರಳದ ಯೋಜನೆಯ ಹಕ್ಕು ಕೈಬಿಡಬಹುದು. ಕರ್ನಾಟಕದಲ್ಲಿ ಕೇಳಲು ಹೋದರೆ ‘ನಿಮ್ಮ ಮನೆ ಹೋದದ್ದು ಕೇರಳದಲ್ಲಲ್ಲವಾ’ ಎನ್ನುತ್ತಾರೆ. ಪುನರ್ವಸತಿ ಕೈಸೇರುವವರೆಗೆ ಮೂಲ ದಾಖಲೆ ಕದಲಿಸದಿರಲಿ. ಅಕ್ಕಿಗಾಗಿ ಕಾರ್ಡು ಬದಲಿಸುವ ಅಗತ್ಯವೇ ಇಲ್ಲ: ಒಂದು ದೇಶ ಒಂದು ರೇಷನ್ ಕಾರ್ಡು ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡಿದ್ದವರು ದೇಶದ ಯಾವ ಊರಿನಲ್ಲೂ ಬೆರಳೊತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು.

ರಾಜ್ಯದ ಗಡಿಯೇ ಇಷ್ಟು ತೊಡಕಾದರೆ ದೇಶದ ಗಡಿ ಹೇಗಿರಬೇಡ! 1951ರ ನಿರಾಶ್ರಿತರ ಒಪ್ಪಂದದಲ್ಲಿ ಹವಾಮಾನದಿಂದ ನೆಲೆ ಕಳೆದುಕೊಂಡವರಿಗೆ ಜಾಗವಿಲ್ಲ. ಕಡಲು ನುಂಗುತ್ತಿರುವ ತುವಾಲು ದ್ವೀಪದವರಿಗೆ ವರ್ಷಕ್ಕೆ 280 ಮಂದಿಯಂತೆ ನೆಲೆಸಲು ಬಿಡುತ್ತೇವೆ ಎಂದು ಆಸ್ಟ್ರೇಲಿಯಾ 2023ರಲ್ಲಿ ಒಪ್ಪಂದ ಮಾಡಿಕೊಂಡದ್ದೇ ದೊಡ್ಡ ಸುದ್ದಿಯಾಯಿತು.

ನಮ್ಮೂರಿಗೆ ಬಂದವರು

ಊರು ಬಿಟ್ಟವರ ಮಾತಾಡುವಾಗ ಊರಿಗೆ ಬಂದವರನ್ನು ಮರೆಯುತ್ತೇವೆ. ಹೆದ್ದಾರಿ ಬದಿಯ ಲೈನ್ ಮನೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರಿನ ಕುಟುಂಬಗಳಿವೆ. ಇವರಲ್ಲಿ ಎಲ್ಲರೂ ಬರದಿಂದಲೇ ಬಂದವರಲ್ಲ. ಆದರೆ 2023ರಲ್ಲಿ ಕರ್ನಾಟಕ ತನ್ನ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಗುಳೆ ಬಂದವರನ್ನು ಇನ್ನೇನೆಂದು ಕರೆಯಬೇಕು? ಅಸ್ಸಾಮಿನ ನದಿ ದಂಡೆಯಿಂದ, ಬಂಗಾಳದ ಸುಂದರಬನದಿಂದ ಬಂದ ಹುಡುಗರೂ ಇಲ್ಲಿದ್ದಾರೆ. ಕೇರಳದಲ್ಲಿ ಅವರಿಗೆ ‘ಅತಿಥಿ ಕಾರ್ಮಿಕರು’ ಎಂದು ಹೆಸರು. ನೀರು ನುಗ್ಗಿದಾಗ ಶಿಬಿರದ ಸುದ್ದಿ ಅವರ ಕಿವಿಗೆ ಬೀಳುವುದು ಕೊನೆಗೆ.

ಉತ್ತರ ಕರ್ನಾಟಕದವರಿಗೆ ಸಹಾಯ ಮಾಡಲು ನಮಗಿಂತ ಅನುಕೂಲ ಇರುವವರು ಕೇರಳದಲ್ಲಿ ಬೇರೆ ಯಾರಿದ್ದಾರೆ? ಭಾಷೆ ಒಂದೇ. ಅವರ ಮಕ್ಕಳನ್ನು ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸುವುದು ಆ ಮಕ್ಕಳಿಗೂ ಒಳ್ಳೆಯದು, ಮಕ್ಕಳಿಲ್ಲದೆ ಬಡವಾಗುತ್ತಿರುವ ಶಾಲೆಗೂ ಒಳ್ಳೆಯದು. ರಾಜ್ಯ ಕಾರ್ಮಿಕ ಇಲಾಖೆಯ ಅತಿಥಿ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿಕೊಡಿ, ಆವಾಜ್ ವಿಮೆಯ ಬಗ್ಗೆ ಕೇಳಿಕೊಡಿ. ಕೂಲಿ ಬಾಕಿ ಇಟ್ಟ ಮೇಸ್ತ್ರಿಯ ಎದುರು ಒಮ್ಮೆ ಅವರ ಪಕ್ಕ ನಿಂತುಕೊಂಡರೆ ಅದೂ ಸಹಾಯವೇ.

ಫೋನಿನ ನಂಬ್ರ

ಜಿಲ್ಲಾ ತುರ್ತು ಕೇಂದ್ರ 1077. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112. ಕೇರಳದ ಆರೋಗ್ಯ ಸಲಹೆಗೆ, ಮನಸ್ಸು ಕುಗ್ಗಿದವರು ಮಾತಾಡಲೂ 1056. ಕರೆಂಟು ತಂತಿ ಬಿದ್ದರೆ 1912.

ಕುಂಜತ್ತೂರಿನಲ್ಲಿ ಒಂದು ತಾಪತ್ರಯ ಇದೆ. ಗಡಿಯ ಹತ್ತಿರ ಫೋನು ಆಚೆಯ ಟವರಿಗೆ ಸಿಕ್ಕಿಕೊಂಡಿದ್ದರೆ 1077 ಒತ್ತಿದಾಗ ಎತ್ತುವವರು ಮಂಗಳೂರಿನವರಾಗಿರಬಹುದು. ಅಲ್ಲಿಯೂ ಜಿಲ್ಲಾ ತುರ್ತು ಕೇಂದ್ರದ ನಂಬ್ರ ಅದೇ. ಹಾಗಾಗಿ ಮೊದಲು 04994 ಸೇರಿಸಿ ಆಮೇಲೆ 1077 ಒತ್ತುವುದನ್ನು ಮನೆಯವರಿಗೆ ಕಲಿಸಿ, ವಿಲೇಜ್ ಆಫೀಸರರ ಮತ್ತು ವಾರ್ಡ್ ಮೆಂಬರರ ನಂಬ್ರದ ಜೊತೆ ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಅಂಟಿಸಿ.